ಪಕ್ಷದ ಮನೆ, ಊರಿನ ಜಗಲಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಘಾಟಿ ಇಳಿಯುವ ರೈಲು ಎಡಕುಮೇರಿಯಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತದೆ. ಸುತ್ತ ಕಾಡು, ಕೆಳಗೆಲ್ಲೋ ಹೊಳೆಯ ಸದ್ದು. 1979ರಲ್ಲಿ ಮೀಟರ್‌ಗೇಜ್ ಹಳಿಯಾಗಿ ಶುರುವಾದ ಈ ದಾರಿ 1996ರಲ್ಲಿ ಮುಚ್ಚಿತು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ, ಬ್ರಾಡ್‌ಗೇಜ್ ಆದ ಮೇಲೆ. 2023ರ ಏಪ್ರಿಲ್ ತಿಂಗಳ ಒಂದು ದಿನ ನಾನು ಆ ರೈಲಿನಲ್ಲಿದ್ದೆ. ವಿಧಾನಸಭೆಯ ಚುನಾವಣೆಗೆ ಇನ್ನು ಕೆಲವೇ ವಾರಗಳಿದ್ದವು. ಎದುರು ಸೀಟಿನಲ್ಲಿ ಕುಳಿತಿದ್ದ ಹೆಂಗಸು, ಮಡಿಲಲ್ಲಿ ವೀಳ್ಯದೆಲೆಯ ಗಂಟು ಇಟ್ಟುಕೊಂಡವರು, ಇದ್ದಕ್ಕಿದ್ದಂತೆ ಕೇಳಿದರು: "ಮೇಡಂ, ನಿಮ್ಮದು ಯಾವ ಪಕ್ಷ?"

"ನಾನು ಮೇಷ್ಟ್ರಮ್ಮ. ಸರ್ಕಾರಿ ಕೆಲಸದವರಿಗೆ ಪಕ್ಷ ಇರೋ ಹಾಗಿಲ್ಲ" ಅಂದೆ.

"ಹಾಗಾದ್ರೆ ನಿಮ್ಮನೆಗೆ ಎಲ್ಲಾ ಪಕ್ಷದೋರೂ ಬರ್ತಾರೆ ಬಿಡಿ. ನಮ್ಮನೆಗೆ ಒಬ್ರೂ ಬರಲ್ಲ. ನಮ್ಮ ಯಜಮಾನ್ರು ಇಂಥ ಪಕ್ಷ ಅಂತ ಎಲ್ರಿಗೂ ಗೊತ್ತು. ಆ ಪಕ್ಷದೋರು ಓಟು ಹೇಗೂ ಬಂತು ಅಂತ ಬರಲ್ಲ, ಈ ಪಕ್ಷದೋರು ಹೇಗೂ ಬರಲ್ಲ ಅಂತ ಬರಲ್ಲ. ನನ್ನನ್ನ ಕೇಳಿದೋರು ಯಾರು?"

ರೈಲು ಹೊರಟಿತು. ಸುರಂಗದ ಕತ್ತಲಲ್ಲಿ ಅವರ ಮುಖ ಮರೆಯಾಯಿತು, ಮಾತು ಮಾತ್ರ ಉಳಿಯಿತು. ಅಭ್ಯರ್ಥಿಯಾದವನು ತನ್ನ ಪಕ್ಷದವರನ್ನೂ ಉಳಿಸಿಕೊಳ್ಳಬೇಕು, ಯಾವ ಪಕ್ಷಕ್ಕೂ ಸೇರದವರನ್ನೂ ಒಲಿಸಿಕೊಳ್ಳಬೇಕು. ಈ ಎರಡರ ನಡುವೆ ಅವನು ಹೇಗೆ ನಡೆಯುತ್ತಾನೆ? ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದಕ್ಕೆ ಉತ್ತರಗಳಿವೆ ಅನ್ನಿಸಿತು.

ಹೆಣ್ಣುಮಕ್ಕಳಿಗೆ ಈ ಕಷ್ಟ ಹೊಸದೇನಲ್ಲ. ತವರಿನಲ್ಲಿ ಅತ್ತೆಮನೆಯನ್ನು ಬಿಟ್ಟುಕೊಡಬಾರದು, ಅತ್ತೆಮನೆಯಲ್ಲಿ ತವರನ್ನು ಹೊಗಳಬಾರದು. ಅಭ್ಯರ್ಥಿಗೆ ಪಕ್ಷ ತವರುಮನೆ, ಊರು ಅತ್ತೆಮನೆ. ತವರು ಟಿಕೆಟ್ ಕೊಟ್ಟು ಕಳಿಸುತ್ತದೆ, ಬಾಳಿ ತೋರಿಸಬೇಕಾದದ್ದು ಅತ್ತೆಮನೆಯಲ್ಲಿ.

ಅಮೆರಿಕದಲ್ಲಿ ಟಿಕೆಟ್ ಕೊಡುವ ಕೆಲಸವನ್ನೇ ಬಹುಪಾಲು ಮತದಾರರಿಗೆ ಬಿಟ್ಟಿದ್ದಾರೆ. ಅದಕ್ಕೆ ಪ್ರೈಮರಿ ಅನ್ನುತ್ತಾರೆ. ನಿಜವಾದ ಚುನಾವಣೆಗೆ ಮುಂಚೆ, ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತ ಹಾಕುವ ಒಂದು ಚುನಾವಣೆ. ಕೆಲವು ರಾಜ್ಯಗಳಲ್ಲಿ ಪಕ್ಷದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಓಟು, ಇನ್ನು ಕೆಲವು ಕಡೆ ಪಕ್ಷವಿಲ್ಲದವರೂ ಹಾಕಬಹುದು. 2000ನೇ ಇಸವಿಯಲ್ಲಿ ಜಾನ್ ಮೆಕೇನ್ ಅನ್ನುವವರು ನ್ಯೂ ಹ್ಯಾಂಪ್‌ಶೈರಿನಲ್ಲಿ ಪಕ್ಷವಿಲ್ಲದವರ ಬೆಂಬಲ ಗಳಿಸಿ ಜಾರ್ಜ್ ಬುಷ್‌ರನ್ನು ಸೋಲಿಸಿದರು. ಆದರೆ ಅದೇ ತಿಂಗಳು ಸೌತ್ ಕೆರೊಲಿನಾದಲ್ಲಿ ಪಕ್ಷನಿಷ್ಠರು ಬುಷ್ ಕಡೆ ನಿಂತರು, ಮೆಕೇನ್ ಸೋತರು. ಊರ ಜಗಲಿಯಲ್ಲಿ ಮೆಚ್ಚುಗೆ ಸಿಕ್ಕರೂ ಪಕ್ಷದ ಮನೆಯ ಬಾಗಿಲು ತೆರೆಯಲಿಲ್ಲ.

ನಮ್ಮಲ್ಲಿ ಪ್ರೈಮರಿ ಇಲ್ಲ. ಟಿಕೆಟ್ಟು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಮುಚ್ಚಿದ ಬಾಗಿಲ ಹಿಂದೆ ತೀರ್ಮಾನವಾಗುತ್ತದೆ. 2023ರಲ್ಲಿ ಹಾಸನ ಕ್ಷೇತ್ರಕ್ಕೆ ಜಾತ್ಯತೀತ ಜನತಾದಳದ ಟಿಕೆಟ್ ಭವಾನಿ ರೇವಣ್ಣನವರಿಗೋ ಸ್ವರೂಪ್ ಪ್ರಕಾಶ್ ಅವರಿಗೋ ಎಂದು ತಿಂಗಳುಗಟ್ಟಲೆ ನಡೆದ ಹಗ್ಗಜಗ್ಗಾಟವನ್ನು ಪತ್ರಿಕೆಗಳಲ್ಲಿ ಓದಿದೆವು. ಕೊನೆಗೆ ಸ್ವರೂಪ್ ಅವರಿಗೆ ಸಿಕ್ಕಿತು, ಅವರು ಗೆದ್ದರು. ಅಷ್ಟು ದಿನವೂ ಹಾಸನದ ಮತದಾರರು ಮಾಡಿದ್ದು ಕಾದು ನೋಡುವ ಕೆಲಸ ಮಾತ್ರ.

ಆದರೆ ಬಾಗಿಲು ಮುಚ್ಚಿದಾಗ ಜಗಲಿಗೆ ಹೋದವರೂ ಇದ್ದಾರೆ. ಎಲ್ಲರಿಗೂ ಗೊತ್ತಿರುವ ಉದಾಹರಣೆ ನಮ್ಮ ಜಿಲ್ಲೆಯದೇ. ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1953ರಿಂದ ಕಾಂಗ್ರೆಸ್ಸಿನಲ್ಲಿದ್ದರು, ಸಹಕಾರ ಸಂಘ, ತಾಲ್ಲೂಕು ಬೋರ್ಡು ಎಂದು ಓಡಾಡಿದವರು. 1962ರಲ್ಲಿ ಹೊಳೆನರಸೀಪುರಕ್ಕೆ ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ. ಇನ್ನೂ ಮೂವತ್ತು ತುಂಬದ ಅವರು ಪಕ್ಷೇತರರಾಗಿ ನಿಂತು ಗೆದ್ದರು, 1967ರಲ್ಲಿ ಮತ್ತೆ ಹಾಗೆಯೇ ಗೆದ್ದರು. ಅಂದಿನ ಕಾಂಗ್ರೆಸ್ಸಿನ ಎದುರು ಗೆಲ್ಲಬೇಕಾದರೆ ಕಾಂಗ್ರೆಸ್ಸಿನವರ ಓಟೂ ಬೇಕು, ಯಾರವರೂ ಅಲ್ಲದವರ ಓಟೂ ಬೇಕು. ಸಹಕಾರ ಸಂಘದ ಲೆಕ್ಕಪುಸ್ತಕದ ಮುಂದೆ ಕೂತು ಸಂಪಾದಿಸಿದ ಪರಿಚಯಕ್ಕೆ ಪಕ್ಷದ ಬಣ್ಣವಿರಲಿಲ್ಲ. ಮುಂದೆ ಅವರು ಮುಖ್ಯಮಂತ್ರಿಯಾದರು, 1996ರಲ್ಲಿ ಪ್ರಧಾನಿಯಾದರು, 1999ರಲ್ಲಿ ಕಟ್ಟಿದ ಪಕ್ಷದಲ್ಲಿ ಟಿಕೆಟ್ ಕೊಡುವ ಹಿರಿಯರೂ ಆದರು. ಜಗಲಿಯಿಂದ ಹೊರಟವರು ಮನೆಯ ಯಜಮಾನರಾಗುವುದೂ ಚರಿತ್ರೆಯ ಒಂದು ರೀತಿ.

ಪಕ್ಕದ ಮಂಡ್ಯದಲ್ಲಿ 2019ರಲ್ಲಿ ನಡೆದದ್ದು ಇನ್ನೂ ಹತ್ತಿರದ್ದು. ಅಂಬರೀಷ್ ತೀರಿಕೊಂಡ ಮೇಲೆ ಸುಮಲತಾ ಕಾಂಗ್ರೆಸ್ ಟಿಕೆಟ್ ಕೇಳಿದರು. ಮೈತ್ರಿಯ ಲೆಕ್ಕದಲ್ಲಿ ಆ ಕ್ಷೇತ್ರ ಜಾತ್ಯತೀತ ಜನತಾದಳಕ್ಕೆ ಹೋಯಿತು. ಅವರು ಪಕ್ಷೇತರರಾಗಿ ನಿಂತರು. ಬಿಜೆಪಿ ತನ್ನ ಅಭ್ಯರ್ಥಿಯನ್ನು ಹಾಕದೆ ಬೆಂಬಲಿಸಿತು, ರೈತಸಂಘ ಜೊತೆಗೆ ಬಂತು, ಕಾಂಗ್ರೆಸ್ಸಿನ ಎಷ್ಟೋ ಕಾರ್ಯಕರ್ತರೂ ಬಂದರು. ಕಹಳೆ ಊದುವ ರೈತನ ಗುರುತಿಗೆ ಬಿದ್ದ ಓಟು ಮುಖ್ಯಮಂತ್ರಿಯ ಮಗನನ್ನು 1,25,876 ಮತಗಳಿಂದ ಸೋಲಿಸಿತು. ಪರಸ್ಪರ ಮುಖ ನೋಡದವರನ್ನು ಒಂದೇ ಮದುವೆ ಚಪ್ಪರದಲ್ಲಿ ಕೂರಿಸಿದ ಹಾಗೆ. ಯಾರ ಮನಸ್ಸೂ ನೋಯದಂತೆ ಮಾತಾಡಬೇಕಿತ್ತು, ಆಡಿದರು. 2023ರಲ್ಲಿ ಹರಪನಹಳ್ಳಿಯಲ್ಲಿ ಎಂ.ಪಿ. ಪ್ರಕಾಶರ ಮಗಳು ಲತಾ ಮಲ್ಲಿಕಾರ್ಜುನ್ ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ಗೆದ್ದರು. ಆ ವಿಧಾನಸಭೆಗೆ ಗೆದ್ದು ಬಂದ 224 ಜನರಲ್ಲಿ ಹೆಂಗಸರು ಹತ್ತೇ ಜನ. ಆ ಹತ್ತರಲ್ಲಿ ಒಬ್ಬರು ಪಕ್ಷ ಬೇಡವೆಂದವರು, ಊರು ಬೇಕೆಂದವರು.

ಗೆದ್ದ ಮೇಲೆ? 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವುದಾದರೂ ಪಕ್ಷ ಸೇರಿದರೆ ಸ್ಥಾನ ಹೋಗುತ್ತದೆ. ಅದಕ್ಕೇ ಇಂಥವರು ಸೇರುವುದಿಲ್ಲ, ಹೊರಗಿನಿಂದ "ಬೆಂಬಲ" ಕೊಡುತ್ತಾರೆ. ಜಗಲಿಯ ಮೇಲೆ ಕೊಟ್ಟ ಮಾತಿಗೆ ಕಾನೂನು ಇಷ್ಟಾದರೂ ಕಾವಲಿದೆ.

ಟಿಕೆಟ್ ಸಿಕ್ಕವರ ಪಾಡೂ ಸುಲಭವಲ್ಲ. ನಮ್ಮ ಬೆಟ್ಟದ ಎತ್ತಿನಹೊಳೆಯನ್ನೇ ನೋಡಿ. ಸಕಲೇಶಪುರ ತಾಲ್ಲೂಕಿನ ಹೊಳೆಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಯೋಜನೆ. 2012ರಲ್ಲಿ ಒಪ್ಪಿಗೆ ಕೊಟ್ಟದ್ದು ಒಂದು ಪಕ್ಷದ ಸರ್ಕಾರ, 2014ರಲ್ಲಿ ಶಂಕುಸ್ಥಾಪನೆ ಮಾಡಿದ್ದು ಇನ್ನೊಂದು ಪಕ್ಷದ ಸರ್ಕಾರ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಕಾಡು ಕಡಿದು, ಗುಡ್ಡ ಅಗೆದು ಕೊಳವೆ ಹಾಕುವಾಗ ಇಲ್ಲಿಯವರ ಎದೆ ಡವಗುಟ್ಟಿದ್ದೂ ಸುಳ್ಳಲ್ಲ. ಬೆಟ್ಟದ ಅಭ್ಯರ್ಥಿ ಏನು ಹೇಳಬೇಕು? ಯೋಜನೆ ಬೇಡವೆಂದರೆ ಪಕ್ಷಕ್ಕೆ ಸಿಟ್ಟು, ಬೇಕೆಂದರೆ ಊರಿಗೆ ಸಿಟ್ಟು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೀಗಾಗಿ ಇಲ್ಲಿ ನಾವು ಹೆಚ್ಚಾಗಿ ಕೇಳಿದ್ದು ಪರಿಹಾರದ ಮಾತು, ರಸ್ತೆಯ ಮಾತು, ಆನೆ ಹಾವಳಿಯ ಮಾತು. ಹೊಳೆಯ ಮಾತು ಮೆಲ್ಲಗೆ. ಅದೇ 2023ರಲ್ಲಿ ಸಕಲೇಶಪುರ ಕ್ಷೇತ್ರದ ಗೆಲುವಿನ ಅಂತರ ಎರಡು ಸಾವಿರದ ಆಸುಪಾಸು. ಕೆಲವೇ ಹಾಡಿಗಳ, ಎಸ್ಟೇಟ್ ಲೈನುಗಳ ಓಟು ಅತ್ತಿತ್ತ ಆಗಿದ್ದರೆ ಫಲಿತಾಂಶವೇ ಬೇರೆ. ಯಾರೂ ಹೋಗದ ಮನೆಯ ಓಟಿಗೂ ಅಷ್ಟು ಬೆಲೆಯಿತ್ತು.

ಇದಕ್ಕೆಲ್ಲ ಒಂದು ಮದ್ದು ಎಂಬಂತೆ ಬಂದದ್ದು ಪಕ್ಷವಿಲ್ಲದ ಪಂಚಾಯಿತಿ. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ, ಕೊಳವೆ ಬಾವಿಗಳಿಂದಾಗಿ ಜನ "ನೀರ್‌ಸಾಬ್" ಎಂದು ಕರೆದ ಅಬ್ದುಲ್ ನಜೀರ್‌ಸಾಬ್ ಅವರ ಕಾಲದಲ್ಲಿ, 1987ರ ಜನವರಿಯಲ್ಲಿ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲಾಯಿತು. 1993ರ ಕಾಯಿದೆ ಅದನ್ನು ಮೂರನೇ ಒಂದು ಪಾಲಿಗೆ ಏರಿಸಿತು, 2010ರಲ್ಲಿ ಅದು ಅರ್ಧವಾಯಿತು. 1993ರ ಕಾಯಿದೆಯ ಇನ್ನೊಂದು ಮಾತು, ಗ್ರಾಮ ಪಂಚಾಯಿತಿಗೆ ಪಕ್ಷದ ಗುರುತು ಇರಕೂಡದು ಎಂಬುದು. ಟಿಕೆಟ್ ಹಂಚುವ ಕೋಣೆಯಲ್ಲಿ ಜಾಗವಿಲ್ಲದ ಹೆಣ್ಣಿಗೆ ಊರಿನ ಜಗಲಿಯ ಬಾಗಿಲು ಹೀಗೆ ತೆರೆಯಿತು.

2000ನೇ ಇಸವಿಯ ಆ ಚುನಾವಣೆಯಲ್ಲಿ ನನ್ನ ಶಿಷ್ಯನೊಬ್ಬನ ತಾಯಿ ಮಹಿಳಾ ಮೀಸಲು ಸ್ಥಾನಕ್ಕೆ ನಿಂತರು. ಗಂಡನ ಪಕ್ಷದವರೇ ನಿಲ್ಲಿಸಿದ್ದು. ಆದರೆ ಆಕೆ ಎಲ್ಲಾ ಪಕ್ಷದವರ ಮನೆಗೂ ನಡೆದೇ ಹೋದರು, ಮೇಲಿನ ಹಾಡಿಗೂ ಹತ್ತಿದರು. "ಗೆದ್ದರೆ ನೀರಿಗೆ ಮೊದಲು ನೋಡ್ತೀನಿ" ಎಂಬ ಒಂದೇ ಮಾತು. ಗೆದ್ದರು. ಮರುದಿನವೇ ಪಕ್ಷದವರು "ನಮ್ಮ ಬೆಂಬಲಿತರು ಇಷ್ಟು" ಎಂದು ಎಣಿಸಿ ಆಕೆಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡರು. ಗುರುತು ಮತಪತ್ರದಿಂದ ಹೋಗಿತ್ತು, ಊರಿನಿಂದ ಹೋಗಿರಲಿಲ್ಲ.

ನಲ್ಲಿಯ ದುಡ್ಡು ಬಂದಾಗ ಪಕ್ಷದವರು ತಮ್ಮವರ ಬೀದಿಗೆ ಮೊದಲು ಎಂದರು. ಮೇಲಿನ ಹಾಡಿಯ ಒರತೆ ಆ ಬೇಸಿಗೆ ಬತ್ತಿತ್ತು. ಆ ಹಾಡಿಯ ಓಟು ತನಗೆ ಬಿದ್ದಿರಲಿಲ್ಲವೆಂದು ಆಕೆಗೆ ಗೊತ್ತಿತ್ತು. ಒಂದು ಸಂಜೆ ಶಾಲೆಗೆ ಬಂದು, "ಮೇಡಂ, ನಿಮ್ಮ ಶಾಲೆಗೆ ಬರೋ ಹಾಡಿ ಮಕ್ಕಳು ನೀರಿಲ್ಲದೆ ಸ್ನಾನ ಮಾಡದೆ ಬರ್ತಾರೆ ಅಂತ ಗ್ರಾಮಸಭೆಯಲ್ಲಿ ನೀವೊಂದು ಮಾತು ಹೇಳಿ" ಎಂದರು. "ನಾವು ಸರ್ಕಾರಿ ನೌಕರರು, ಇಂಥದ್ದರಲ್ಲಿ ಬರೋ ಹಾಗಿಲ್ಲ" ಎಂದೆ. ಪಕ್ಷದಲ್ಲಿ ಸೇರಬಾರದು ಎಂದಿತ್ತೇ ಹೊರತು, ಮಕ್ಕಳಿಗೆ ನೀರಿಲ್ಲ ಎಂದು ಹೇಳಬಾರದು ಎಂದು ಯಾವ ನಿಯಮದಲ್ಲೂ ಇರಲಿಲ್ಲ. ನಿಯಮದ ಸೆರಗಿನಲ್ಲಿ ನಾನು ಅಂಜಿಕೆಯನ್ನು ಮುಚ್ಚಿಟ್ಟುಕೊಂಡೆ.

ಆಕೆ ಒಬ್ಬರೇ ಹಟ ಹಿಡಿದರು. ನಲ್ಲಿ ಮೊದಲು ಹಾಡಿಗೇ ಹೋಯಿತು. ಮುಂದಿನ ಸಲ ಪಕ್ಷದವರು ಬೇರೆಯವರನ್ನು ನಿಲ್ಲಿಸಿದರು. ಹಾಡಿಯವರು "ನೀವೇ ನಿಲ್ಲಿ" ಎಂದು ಬಂದರಂತೆ, ಗಂಡ ಒಪ್ಪಲಿಲ್ಲ. ದೇವೇಗೌಡರಿಗೆ, ಸುಮಲತಾ ಅವರಿಗೆ ಮನೆ ಬಿಟ್ಟರೂ ಜಗಲಿಯಿತ್ತು. ಈಕೆಗೆ ಪಕ್ಷವೇ ಗಂಡನ ಮನೆಯೂ ಆಗಿತ್ತು.

ಪಕ್ಷನಿಷ್ಠೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪಕ್ಷವಿಲ್ಲದಿದ್ದರೆ ಸರ್ಕಾರ ನಡೆಯದು. ಗೆದ್ದವರು ಕೊಟ್ಟ ಮಾತಿಗೆ ಉತ್ತರ ಕೇಳಲು ಒಂದು ವಿಳಾಸವೂ ಬೇಕು. ಆದರೆ ಅಭ್ಯರ್ಥಿಯನ್ನು ಅಳೆಯಲು ನನಗೆ ಈಗ ಒಂದೇ ಅಳತೆಗೋಲು: ಪಕ್ಷದ ಮನೆಯೊಳಗೆ ಆಡಿದ ಮಾತನ್ನೇ ಊರಿನ ಜಗಲಿಯಲ್ಲೂ ಆಡುತ್ತಾರೆಯೇ? ಓಟು ಹಾಕದವರ ಹಾಡಿಗೂ ನೀರು ಒಯ್ಯುತ್ತಾರೆಯೇ?

ರೈಲು ಸುಬ್ರಹ್ಮಣ್ಯ ರೋಡ್ ಮುಟ್ಟಿದಾಗ ವೀಳ್ಯದೆಲೆಯ ಹೆಂಗಸನ್ನು ಕೇಳಿದೆ, "ಈ ಸಲ ಯಾರಿಗೆ?" ಅವರು ನಕ್ಕರು. "ನಮ್ಮ ಯಜಮಾನ್ರಿಗೂ ಹೇಳಿಲ್ಲ, ನಿಮಗೆ ಹೇಳ್ತೀನಾ?" ಎಂದು ಗಂಟು ಎತ್ತಿಕೊಂಡು ಇಳಿದು ಹೋದರು.