ಕಪಿಲೆ ಬಾನಿಯ ಲೆಕ್ಕ ಬರೆದವರು

ಸರ್ಕಾರದ ದುಡ್ಡಿನಲ್ಲಿ ನಡೆದ ಒಂದು ಸಂಶೋಧನೆ ಗೆದ್ದಿತೋ ಸೋತಿತೋ ಅಂತ ತೀರ್ಮಾನ ಕೊಡುವವರು ಯಾರು? ನಮ್ಮ ವಿಜ್ಞಾನದ ಚರಿತ್ರೆಕಾರರು ಈ ಪ್ರಶ್ನೆ ಕೇಳಿಲ್ಲ ಅಂತಲ್ಲ. ಕೇಳಿದ್ದಾರೆ. ಆದರೆ ಅವರ ಉತ್ತರದಲ್ಲಿ ಓಡಾಡುವುದು ಅಧಿಕಾರಿ, ಬಂಡವಾಳಗಾರ, ವಿಜ್ಞಾನಿ ಈ ಮೂವರೇ. ಯಾವ ಕಸುಬಿನ ಮೇಲೆ ಪ್ರಯೋಗ ನಡೆಯಿತೋ ಆ ಕಸುಬಿನವನು ಸಾಕ್ಷಿ ಹೇಳುವುದಕ್ಕೂ ಬರುವುದು ಅಪರೂಪ. ತೊಗಲಿನ ಕಸುಬನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸಬಹುದು ಎಂದು ನನಗೆ ಅನ್ನಿಸಿದೆ.

ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಎಂಜಿನಿಯರ್ ಮದರಾಸಿನಲ್ಲಿ ಮೇಷ್ಟ್ರಾಗಿದ್ದವನು. 1898ರಲ್ಲಿ ಅಲ್ಲಿನ ಕಲಾಶಾಲೆಯಲ್ಲಿ ಸರ್ಕಾರದ ಖರ್ಚಿನಲ್ಲಿ ಅಲ್ಯುಮಿನಿಯಂ ಪಾತ್ರೆ ಮಾಡಿಸಲು ಶುರು ಮಾಡಿದ. 1903ರಲ್ಲಿ ಆ ಕೆಲಸ ಖಾಸಗಿ ಕಂಪನಿಯ ಪಾಲಾಯಿತು. ಅದೇ ವರ್ಷ ಕ್ರೋಮ್ ಹದದ ಪ್ರಯೋಗ ಆರಂಭವಾಯಿತು. ಅಮೆರಿಕದಲ್ಲಿ ಕ್ರೋಮ್ ಹದ ಬಂದ ಮೇಲೆ ಅಲ್ಲಿನವರಿಗೆ ನಮ್ಮ ಕಡೆಯ ಹದ ಮಾಡಿದ ಆಡಿನ ಚರ್ಮ ಬೇಡವಾಗಿ, ಹಸಿ ತೊಗಲೇ ಬೇಕಾಗಿತ್ತು. ಮದರಾಸಿನ ಹದಗಾರಿಕೆ ಕುಸಿಯತೊಡಗಿತ್ತು. ಚಾಟರ್ಟನ್ 1904ರಲ್ಲಿ ಮದರಾಸು ಪ್ರಾಂತ್ಯದ ಚರ್ಮದ ಕೆಲಸದ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ತೊಗಲು ಮುಟ್ಟಿದವರನ್ನು ಮುಟ್ಟದ ನಾಡಿನಲ್ಲಿ ಒಬ್ಬ ಬಿಳಿಯ ಅಧಿಕಾರಿ ಆ ಕಸುಬನ್ನು ಕೂತು ಬರೆದನಲ್ಲ, ಅದಕ್ಕೊಂದು ನಮಸ್ಕಾರ ಇರಲಿ.

ಅವನ ಕ್ರೋಮ್ ತೊಗಲು ಹೋಗಬೇಕಾಗಿದ್ದ ಮುಖ್ಯ ಜಾಗಗಳಲ್ಲಿ ಒಂದು ಕಪಿಲೆ ಬಾನಿ. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಬಾನಿ, ಅದರ ಬಾಲದ ತೊಗಲು ಕೊಳವೆ, ಮಿಣಿ ಇವೆಲ್ಲ ಮಾದಿಗರ ಕೈಯಿಂದಲೇ ಆಗಬೇಕಿತ್ತು. ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ತೆಗೆದು, ತಂಗಡಿ ಚಕ್ಕೆಯ ರಸದಲ್ಲಿ ವಾರಗಟ್ಟಲೆ ಇಟ್ಟು ಮಾಡಿದ ತೊಗಲು ನೀರಿನಲ್ಲಿ ಬಹಳ ಕಾಲ ಬಾಳುವುದಿಲ್ಲ. ಕ್ರೋಮ್ ಹದದ ತೊಗಲು ಬಾಳುತ್ತದೆ. ರೈತನ ದೃಷ್ಟಿಯಿಂದ ಇದು ಸೀದಾ ಲಾಭ. ಕಸುಬುದಾರನಿಗೆ?

ನಮ್ಮ ತಾತ ಹುಡುಗನಾಗಿ ಬಾನಿ ಹೊಲಿಯುವುದನ್ನು ಕಂಡವನು. ಒಂದು ಸಲ ಕೇಳಿದಾಗ ಅವನು ಹೇಳಿದ್ದು: "ಬಾನಿ ಕೊಳೀತದೆ ಕಣಪ್ಪ, ಕೊಳುತ್ರೇ ಗೌಡ ನಮ್ಮನ್ನ ಕರೆಯೋದು. ಕೊಳೀದೇ ಇದ್ರೆ ಕಣದಾಗೆ ನಮಗೆ ರಾಗಿ ಯಾಕೆ ಅಳೀತಾನೆ?" ಅಲ್ಲಿಗೆ ಆಯದ ಅರ್ಥಶಾಸ್ತ್ರ ಪೂರ್ತಿ ಮುಗಿಯಿತು. ಪ್ರಯೋಗಾಲಯ ಯಾವುದನ್ನು ದೋಷ ಎಂದು ಬರೆದುಕೊಳ್ಳುತ್ತದೋ ಅದೇ ಕೇರಿಯ ಸುಗ್ಗಿಯ ಪಾಲು. ಬಾಳಿಕೆ ಬರುವ ಬಾನಿ ಅಂದರೆ ಕರೆ ಕಡಿಮೆ, ಕರೆ ಕಡಿಮೆಯಾದರೆ ಕಾಳು ಕಡಿಮೆ. ಕ್ರೋಮ್‌ಗೆ ಬೇಕಾದ ರಾಸಾಯನಿಕವನ್ನೂ ಉರುಳು ಪೀಪಾಯಿಯನ್ನೂ ಕೊಳ್ಳುವ ಶಕ್ತಿ ಕೇರಿಗೆ ಎಲ್ಲಿತ್ತು? ಆದರೆ ತಾತ ಇನ್ನೊಂದು ಮಾತೂ ಸೇರಿಸಿದ: "ಆ ವಾಸ್ನೆ ಮಾತ್ರ ಹೋಗ್ಲಿ ಅಂತಿದ್ವಿ." ಈ ಎರಡು ಮಾತನ್ನೂ ಒಟ್ಟಿಗೇ ಇಟ್ಟುಕೊಳ್ಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವರೇ ಜಾಸ್ತಿ.

ಈಗ ತೀರ್ಪಿಗೆ ಬರೋಣ. ಸರ್ಕಾರವೇ ಕಾರ್ಖಾನೆ ನಡೆಸಿದರೆ ನಮ್ಮ ಗತಿಯೇನು ಅಂತ ಮದರಾಸಿನ ಯುರೋಪಿಯನ್ ವರ್ತಕರು ತಕರಾರು ಎತ್ತಿದರು. 1910ರಲ್ಲಿ ಭಾರತ ಮಂತ್ರಿ ಲಾರ್ಡ್ ಮಾರ್ಲೆ ಲಂಡನ್ನಿನಿಂದ ಅಪ್ಪಣೆ ಕಳಿಸಿದ: ತಾಂತ್ರಿಕ ಶಿಕ್ಷಣಕ್ಕೆ ಖರ್ಚು ಮಾಡಿ, ಹೊಸ ಉದ್ಯಮವನ್ನು ಸರ್ಕಾರ ನಡೆಸಕೂಡದು. ಕ್ರೋಮ್ ಕಾರ್ಖಾನೆ ರೇವಾ ಸಂಸ್ಥಾನಕ್ಕೆ ಮಾರಾಟವಾಯಿತು. ಎಂಟು ವರ್ಷದ ಮೇಲೆ, 1918ರಲ್ಲಿ, ಥಾಮಸ್ ಹಾಲೆಂಡ್ ಅಧ್ಯಕ್ಷತೆಯ ಕೈಗಾರಿಕಾ ಆಯೋಗ ತದ್ವಿರುದ್ಧ ಹೇಳಿತು: ಸರ್ಕಾರ ಉದ್ಯಮದಲ್ಲಿ ಕ್ರಿಯಾಶೀಲ ಪಾತ್ರ ವಹಿಸಬೇಕು. ಆ ಆಯೋಗದಲ್ಲಿ ಚಾಟರ್ಟನ್ನನೂ ಸದಸ್ಯ, ಮದನ ಮೋಹನ ಮಾಳವೀಯರೂ ಸದಸ್ಯರು. ಒಂದು ಕಡೆ ವರ್ತಕರ ಭಯ, ಇನ್ನೊಂದು ಕಡೆ ಯುದ್ಧಕಾಲದ ಅಗತ್ಯ. ಎರಡು ತೀರ್ಪಿಗೂ ಬಾನಿ ಹೊಲಿದವನ ಕಾಳಿಗೂ ಸಂಬಂಧವಿರಲಿಲ್ಲ.

ನಮ್ಮ ರಾಷ್ಟ್ರೀಯವಾದಿ ಚರಿತ್ರೆ ಈ ಕಥೆಯನ್ನು ಸಾಮ್ರಾಜ್ಯಶಾಹಿ ಚಿವುಟಿದ ಮೊಳಕೆ ಎಂದು ಹೇಳುತ್ತದೆ. ಸುಳ್ಳೇನಲ್ಲ. ಆದರೆ ಮೊಳಕೆ ಯಾರ ಹೊಲದ್ದು ಅನ್ನೋದನ್ನ ಅದು ಕೇಳುವುದಿಲ್ಲ. ಇತ್ತ ನಮ್ಮಲ್ಲೇ ಕೆಲವು ಗೆಳೆಯರು ತಂಗಡಿ ಚಕ್ಕೆಯ ಹದವನ್ನು ದೇಸಿ ಜ್ಞಾನ ಪರಂಪರೆ ಅಂತ ಹೊಗಳತೊಡಗಿದ್ದಾರೆ. ಡೋಹರ ಕಕ್ಕಯ್ಯನ ಹೆಸರನ್ನೂ ಅದಕ್ಕೆ ಎಳೆದು ತರುತ್ತಾರೆ. ಅದು ಜ್ಞಾನ ನಿಜ, ನನಗೆ ಅನುಮಾನವಿಲ್ಲ. ಆದರೆ ಸತ್ತ ದನ ಎಳೆಯುವ ಬಿಟ್ಟಿಯ ಜೊತೆಗೇ ಹುಟ್ಟಿದ ಜ್ಞಾನ ಅದು. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸ ಬಿಡಿ ಅಂದರು. ಕೇರಿಯನ್ನು ಈ ಕಸುಬಿಗೆ ಕಟ್ಟಿದ ಹಗ್ಗವನ್ನೇ ಬಿಚ್ಚುವ ಮಾತದು. ಕಸುಬು ಹೋದದ್ದನ್ನು ಬರೀ ನಷ್ಟ ಅಂತ ಬರೆದರೆ ಬಾಬಾಸಾಹೇಬರ ಮಾತನ್ನು ಮರೆತಂತೆ. ಬರೀ ಬಿಡುಗಡೆ ಅಂತ ಬರೆದರೆ ಆ ವರ್ಷದ ಹಸಿವನ್ನು ಮರೆತಂತೆ. ಬಿಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ.

ಚಾಟರ್ಟನ್ 1912ರಲ್ಲಿ ಮೈಸೂರಿಗೆ ಬಂದ, ಕೈಗಾರಿಕೆಯ ನಿರ್ದೇಶಕನಾದ. ಅವನ ಕಾಲದ ಮೈಸೂರೆಂದರೆ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರುವುದು 1916ರ ಗಂಧದೆಣ್ಣೆ. ಟಾಟಾ ಇನ್‌ಸ್ಟಿಟ್ಯೂಟಿನ ಪ್ರಯೋಗಾಲಯದಿಂದ ಕಾರ್ಖಾನೆಗೆ ಬಂದ ಸಾಧನೆ ಅದು. ಗಂಧಕ್ಕೆ ಸಿಕ್ಕ ಪಾಠ ತೊಗಲಿಗೆ ಸಿಗಲಿಲ್ಲ. ಮೂಗಿಗೂ ಜಾತಿ ಇದೆ ಅಂತ ನಾನು ತರಗತಿಯಲ್ಲಿ ತಮಾಷೆಗೆ ಹೇಳುವುದುಂಟು, ಹುಡುಗರು ನಗುತ್ತಾರೆ, ಹಿಂದಿನ ಬೆಂಚಿನವರು ನಗುವುದಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಮದರಾಸಿನಲ್ಲೇ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಬಂತು. ಅದು ಸಿಎಸ್‌ಐಆರ್ ಪ್ರಯೋಗಾಲಯ. ಅದರ ನಿರ್ದೇಶಕರಾಗಿದ್ದ ವೈ. ನಾಯುಡಮ್ಮ ಮುಂದೆ ಸಿಎಸ್‌ಐಆರ್‌ಗೇ ಮುಖ್ಯಸ್ಥರಾದರು. 1986ರಲ್ಲಿ ಅಬಿದ್ ಹುಸೇನ್ ಸಮಿತಿ ಸಿಎಸ್‌ಐಆರ್ ಅನ್ನು ತೂಗಿ ನೋಡಿ, ಪ್ರಯೋಗಾಲಯಗಳು ತಮ್ಮ ಖರ್ಚಿನ ಮೂರನೇ ಒಂದು ಭಾಗವನ್ನಾದರೂ ಹೊರಗಿನಿಂದ ದುಡಿಯಬೇಕು ಎಂದಿತು. ಅಳತೆ ಚೊಕ್ಕವಾಗಿದೆ. ಸಾಲ ತೀರಿಸುವ ಗಿರಾಕಿ ಯಾರು ಅನ್ನೋದು ಅದರಲ್ಲೇ ತೀರ್ಮಾನವಾಗಿಬಿಡುತ್ತದೆ. ಶುಲ್ಕ ಕಟ್ಟುವ ರಫ್ತುದಾರ ಗಿರಾಕಿ. ಸುಣ್ಣದ ಗುಂಡಿಯಲ್ಲಿ ಬರಿಗಾಲಲ್ಲಿ ಇಳಿಯುವವನು ಗಿರಾಕಿ ಅಲ್ಲ. ಅವನ ಕಾಲಿಗೆ, ಅವನ ಉಸಿರಿಗೆ ಉಪಯೋಗವಾಗುವ ಒಂದು ಸಂಶೋಧನೆ ಮಾಡಿದರೆ ಯಾವ ಕಲಮಿನಲ್ಲಿ ಅಂಕ ಹಾಕುತ್ತಾರೆ?

ಕ್ರೋಮ್‌ನ ನಿಜವಾದ ಲೆಕ್ಕ ಬಂದದ್ದು ಇನ್ನೂ ತಡವಾಗಿ, ಅದೂ ಕೋರ್ಟಿನಲ್ಲಿ. ಮಾಮೂಲಿ ವಿಧಾನದಲ್ಲಿ ಹಾಕಿದ ಕ್ರೋಮಿಯಂನ ಸುಮಾರು ಮೂರನೇ ಒಂದು ಪಾಲು ತೊಗಲಿಗೆ ಹತ್ತದೆ ನೀರಿನೊಂದಿಗೆ ಹೊರಗೆ ಹೋಗುತ್ತದೆ. ಪಾಲಾರ್ ನದಿ ಕೆಟ್ಟದ್ದರ ಬಗ್ಗೆ ಸುಪ್ರೀಂ ಕೋರ್ಟು 1996ರಲ್ಲಿ ವೆಲ್ಲೂರಿನ ಮೊಕದ್ದಮೆಯಲ್ಲಿ ತಮಿಳುನಾಡಿನ ಐದು ಜಿಲ್ಲೆಗಳ ಚರ್ಮ ಕಾರ್ಖಾನೆಗಳಿಗೆ ತಲಾ 10,000 ರೂಪಾಯಿ ದಂಡ ಹಾಕಿತು. ಅದಕ್ಕೂ ಮೊದಲು, 1987ರಲ್ಲಿ, ಕಾನ್ಪುರದ ಚರ್ಮ ಕಾರ್ಖಾನೆಗಳ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೆ.ಎನ್. ಸಿಂಗ್ ಅವರು, ಕಾರ್ಖಾನೆ ಮುಚ್ಚಿದರೆ ನಿರುದ್ಯೋಗ ಬರಬಹುದು, ಆದರೆ ಜನರ ಜೀವ, ಆರೋಗ್ಯ, ಪರಿಸರ ಅದಕ್ಕಿಂತ ದೊಡ್ಡವು ಎಂಬರ್ಥದ ಮಾತು ಬರೆದಿದ್ದರು. ಗಂಗೆಯ ಬಗ್ಗೆ ನನಗೂ ಕಾಳಜಿ ಇದೆ. ಆ ವಾಕ್ಯದಲ್ಲಿ ಜೀವವೂ ನಿರುದ್ಯೋಗವೂ ಬೇರೆಬೇರೆ ತಕ್ಕಡಿಯಲ್ಲಿ ಕೂತಿವೆ. ಗುಂಡಿಯಲ್ಲಿ ಇಳಿದವನು ಮಾತ್ರ ಎರಡೂ ತಕ್ಕಡಿಯಲ್ಲಿ ಇದ್ದಾನೆ.