ಋತುಬಂಧ ಮತ್ತು ಹಾರ್ಮೋನ್ ಚಿಕಿತ್ಸೆ: ಅಡ್ಡ ಪರಿಣಾಮಗಳೆಷ್ಟು, ಅಂಜಿಕೆಯೆಷ್ಟು?

ಸತತ ಹನ್ನೆರಡು ತಿಂಗಳು ಮುಟ್ಟು ಕಾಣಿಸಿಕೊಳ್ಳದಿದ್ದರೆ ವೈದ್ಯಶಾಸ್ತ್ರ ಅದನ್ನು ಋತುಬಂಧವೆಂದು ಕರೆಯುತ್ತದೆ. ಭಾರತೀಯ ಮಹಿಳೆಯರಲ್ಲಿ ಇದು ಸರಾಸರಿ 46-47ನೇ ವಯಸ್ಸಿನಲ್ಲಿ, ಅಂದರೆ ಪಾಶ್ಚಾತ್ಯ ಮಹಿಳೆಯರಿಗಿಂತ ನಾಲ್ಕೈದು ವರ್ಷ ಮೊದಲೇ ಸಂಭವಿಸುತ್ತದೆ. ಅಂಡಾಶಯಗಳು ಈಸ್ಟ್ರೋಜೆನ್ ಸ್ರವಿಸುವುದನ್ನು ಬಹುಮಟ್ಟಿಗೆ ನಿಲ್ಲಿಸುವುದರಿಂದ ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ರಾಭಂಗ, ಯೋನಿಯ ಶುಷ್ಕತೆ, ಮನಸ್ಸಿನ ಕಳವಳ ಮುಂತಾದ ತೊಂದರೆಗಳು ತಲೆದೋರುತ್ತವೆ. ಮೂಳೆಗಳ ಸವೆತವೂ ವೇಗ ಪಡೆಯುತ್ತದೆ.

ಕೊರತೆಯಾದ ಹಾರ್ಮೋನನ್ನು ಹೊರಗಿನಿಂದ ಒದಗಿಸುವುದೇ ಹಾರ್ಮೋನ್ ಮರುಪೂರಣ ಚಿಕಿತ್ಸೆ ಅಥವಾ ಎಚ್‌ಆರ್‌ಟಿ. ಮೈ ಬಿಸಿಯೇರುವ ತೊಂದರೆಗೆ ಇದಕ್ಕಿಂತ ಪರಿಣಾಮಕಾರಿ ಔಷಧ ಇಂದಿಗೂ ಇಲ್ಲ. ಆದರೆ ಇದರ ಹೆಸರೆತ್ತಿದೊಡನೆ ‘ಕ್ಯಾನ್ಸರ್ ಬರುತ್ತದಂತೆ’ ಎಂಬ ಮಾತು ಜೊತೆಗೇ ಬರುತ್ತದೆ. ಈ ಅಂಜಿಕೆಯಲ್ಲಿ ಸತ್ಯಾಂಶವಿದೆ. ಆದರೆ ಅದು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಅನ್ವಯಿಸುವ ಸತ್ಯವಲ್ಲ.

ಎರಡು ಹಾರ್ಮೋನ್‌ಗಳು ಏಕೆ?

ಗರ್ಭಿಣಿ ಕುದುರೆಗಳ ಮೂತ್ರದಿಂದ ತಯಾರಿಸಿದ ಪ್ರೆಮರಿನ್ ಎಂಬ ಈಸ್ಟ್ರೋಜೆನ್ ಮಾತ್ರೆಗೆ ಅಮೆರಿಕದಲ್ಲಿ 1942ರಲ್ಲಿ ಅನುಮತಿ ದೊರೆಯಿತು. ಈಸ್ಟ್ರೋಜೆನ್ ಒಂದನ್ನೇ ಸೇವಿಸುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತಿರುವುದನ್ನು 1975ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿಕೊಟ್ಟವು. ಈ ಪದರವು ಮಿತಿಮೀರಿ ಬೆಳೆಯದಂತೆ ಪ್ರೊಜೆಸ್ಟೆರಾನ್ ಅಥವಾ ಅದನ್ನು ಹೋಲುವ ಔಷಧ ತಡೆಯುತ್ತದೆ. ಆದ್ದರಿಂದಲೇ ಗರ್ಭಕೋಶವಿರುವ ಮಹಿಳೆಗೆ ಎರಡೂ ಹಾರ್ಮೋನ್‌ಗಳನ್ನು ನೀಡಲಾಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜೆನ್ ಒಂದೇ ಸಾಕು.

ಆರಂಭದ ತೊಂದರೆಗಳು

ಚಿಕಿತ್ಸೆಯ ಮೊದಲ ವಾರಗಳಲ್ಲಿ ಸ್ತನಗಳಲ್ಲಿ ನೋವು ಮತ್ತು ಬಿಗಿತ, ಹೊಟ್ಟೆಯುಬ್ಬರ, ವಾಕರಿಕೆ, ತಲೆನೋವು, ಅಲ್ಪಸ್ವಲ್ಪ ರಕ್ತಸ್ರಾವ ಕಾಣಿಸಿಕೊಳ್ಳಬಹುದು. ಇವು ಬಹುತೇಕ ಮೂರು ತಿಂಗಳೊಳಗೆ ತಾವಾಗಿಯೇ ಕಡಿಮೆಯಾಗುತ್ತವೆ. ಆಗದಿದ್ದಲ್ಲಿ ವೈದ್ಯರು ಔಷಧದ ಪ್ರಮಾಣವನ್ನೋ ಬಗೆಯನ್ನೋ ಬದಲಿಸುತ್ತಾರೆ. ರಕ್ತಸ್ರಾವ ಮೂರು ತಿಂಗಳು ಮೀರಿ ಮುಂದುವರಿದರೆ ಅಥವಾ ನಿಂತದ್ದು ಮತ್ತೆ ಶುರುವಾದರೆ ತಪಾಸಣೆ ಅನಿವಾರ್ಯ.

2002ರ ಆಘಾತ

ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದಲ್ಲಿ 50ರಿಂದ 79 ವರ್ಷದ 16,608 ಮಹಿಳೆಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಎರಡು ಹಾರ್ಮೋನ್‌ಗಳ ಮಾತ್ರೆಯನ್ನೂ ಇನ್ನೊಂದಕ್ಕೆ ಹುಸಿ ಮಾತ್ರೆಯನ್ನೂ ನೀಡಲಾಗಿತ್ತು. ಲಾಭಕ್ಕಿಂತ ಅಪಾಯವೇ ಹೆಚ್ಚೆಂದು ಕಂಡುಬಂದದ್ದರಿಂದ 2002ರ ಜುಲೈನಲ್ಲಿ ಈ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಔಷಧ ಸೇವಿಸಿದ ಪ್ರತಿ 10,000 ಮಹಿಳೆಯರಲ್ಲಿ ವರ್ಷಕ್ಕೆ 8 ಸ್ತನ ಕ್ಯಾನ್ಸರ್, 7 ಹೃದಯ ಸಂಬಂಧಿ ಅವಘಡ, 8 ಪಾರ್ಶ್ವವಾಯು ಹಾಗೂ ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಸೇರಿದ 8 ಪ್ರಕರಣಗಳು ಹೆಚ್ಚುವರಿಯಾಗಿ ದಾಖಲಾದವು. ಅದೇ ವೇಳೆ ದೊಡ್ಡ ಕರುಳಿನ ಕ್ಯಾನ್ಸರ್ 6ರಷ್ಟೂ ಸೊಂಟದ ಮೂಳೆ ಮುರಿತ 5ರಷ್ಟೂ ಕಡಿಮೆಯಾಗಿದ್ದವು.

ಸುದ್ದಿ ಹಬ್ಬುತ್ತಿದ್ದಂತೆ ಜಗತ್ತಿನಾದ್ಯಂತ ಅಸಂಖ್ಯ ಮಹಿಳೆಯರು ಮಾತ್ರೆಗಳನ್ನು ಕೈಬಿಟ್ಟರು. ಆದರೆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಮೂರರಲ್ಲಿ ಎರಡು ಪಾಲು ಮಹಿಳೆಯರು 60 ದಾಟಿದ್ದರು ಎಂಬ ಅಂಶ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಮುಂದಿನ ವಿಶ್ಲೇಷಣೆಗಳಲ್ಲಿ, 60 ವರ್ಷದೊಳಗೆ ಅಥವಾ ಋತುಬಂಧವಾಗಿ ಹತ್ತು ವರ್ಷದೊಳಗೆ ಚಿಕಿತ್ಸೆ ಆರಂಭಿಸಿದವರಲ್ಲಿ ಹೃದಯದ ಅಪಾಯ ಅಷ್ಟಾಗಿ ಕಾಣಲಿಲ್ಲ. ತಡವಾಗಿ ಆರಂಭಿಸಿದವರಲ್ಲೇ ಅದು ಹೆಚ್ಚು. 65 ದಾಟಿದ ಮೇಲೆ ಎರಡು ಹಾರ್ಮೋನ್‌ಗಳ ಚಿಕಿತ್ಸೆಗೆ ತೊಡಗಿದವರಲ್ಲಿ ಮರೆಗುಳಿ ರೋಗದ ಪ್ರಮಾಣವೂ ಏರಿತ್ತು.

ಸ್ತನ ಕ್ಯಾನ್ಸರ್: ಲೆಕ್ಕ ಏನು ಹೇಳುತ್ತದೆ?

ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯು ಪಾಶ್ಚಾತ್ಯ ದೇಶಗಳ ಮಹಿಳೆಯರ ಲೆಕ್ಕ ನೀಡಿದೆ. 50ನೇ ವಯಸ್ಸಿನಲ್ಲಿ ಆರಂಭಿಸಿ ಐದು ವರ್ಷ ಎರಡೂ ಹಾರ್ಮೋನ್‌ಗಳನ್ನು ಪ್ರತಿದಿನ ಸೇವಿಸಿದ 50 ಮಹಿಳೆಯರಲ್ಲಿ ಒಬ್ಬರಿಗೆ, ಮುಂದಿನ 15 ವರ್ಷಗಳೂ ಸೇರಿದಂತೆ 69ರ ವಯಸ್ಸಿನೊಳಗೆ, ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬರಬಹುದು. ಈಸ್ಟ್ರೋಜೆನ್ ಒಂದನ್ನೇ ಸೇವಿಸಿದಲ್ಲಿ ಇದು 200ಕ್ಕೆ ಒಬ್ಬರು. ಅಮೆರಿಕದ ಪ್ರಯೋಗದಲ್ಲಿ ಈಸ್ಟ್ರೋಜೆನ್ ಮಾತ್ರ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ. ಈ ಒಂದು ಅಂಶದಲ್ಲಿ ತಜ್ಞರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಸೇವನೆಯ ಅವಧಿ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ ಎಂಬುದರಲ್ಲಿ ಮಾತ್ರ, ಎರಡು ಹಾರ್ಮೋನ್‌ಗಳ ಮಟ್ಟಿಗೆ, ಭಿನ್ನಮತವಿಲ್ಲ.

ಮಾತ್ರೆಯೋ, ಪಟ್ಟಿಯೋ?

ನುಂಗಿದ ಈಸ್ಟ್ರೋಜೆನ್ ಮೊದಲು ಯಕೃತ್ತಿಗೆ ತಲುಪಿ, ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಪಿತ್ತಕೋಶದ ತೊಂದರೆಗೂ ಕಾರಣವಾಗಬಹುದು. ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್‌ನಿಂದ ಹಾರ್ಮೋನು ನೇರವಾಗಿ ರಕ್ತ ಸೇರುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ಯೋನಿಯ ಶುಷ್ಕತೆಯಷ್ಟೇ ಬಾಧಿಸುತ್ತಿದ್ದರೆ ಅಲ್ಲಿಯೇ ಬಳಸುವ ಅಲ್ಪ ಪ್ರಮಾಣದ ಈಸ್ಟ್ರೋಜೆನ್ ಕ್ರೀಮು ಸಾಕಾಗುತ್ತದೆ. ಅದರಲ್ಲಿ ರಕ್ತಕ್ಕೆ ಸೇರುವ ಅಂಶ ಅತ್ಯಲ್ಪ.

ಯಾರಿಗೆ ಬೇಡ, ಯಾರಿಗೆ ಬೇಕು?

ಸ್ತನ ಅಥವಾ ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೆ ಒಳಗಾದವರು, ಕಾಲಿನ ರಕ್ತನಾಳ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತವಾದವರು, ತೀವ್ರ ಯಕೃತ್ ರೋಗವಿರುವವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಸಾಮಾನ್ಯವಾಗಿ ಈ ಚಿಕಿತ್ಸೆ ಪಡೆಯುವಂತಿಲ್ಲ. ಅಂಥವರಿಗೆ ಹಾರ್ಮೋನ್ ರಹಿತ ಔಷಧಗಳೂ ಇವೆ.

ಇದಕ್ಕೆ ತದ್ವಿರುದ್ಧ ಸ್ಥಿತಿ 40 ವರ್ಷದೊಳಗೆ ಮುಟ್ಟು ನಿಂತವರದು ಮತ್ತು ಚಿಕ್ಕ ವಯಸ್ಸಿನಲ್ಲೇ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡವರದು. ಇವರಲ್ಲಿ ಮೂಳೆ ಮತ್ತು ಹೃದಯ ಬಹುಬೇಗ ರಕ್ಷಣೆ ಕಳೆದುಕೊಳ್ಳುತ್ತವೆ. ಮೇಲಿನ ಅಡ್ಡಿಗಳಿಲ್ಲದಿದ್ದರೆ ಸಹಜ ಋತುಬಂಧದ ವಯಸ್ಸಿನವರೆಗೂ ಇವರು ಹಾರ್ಮೋನ್ ಪಡೆಯುವುದು ಒಳಿತೆಂಬುದು ತಜ್ಞರ ಅಭಿಮತ. 2002ರ ಅಂಕಿಅಂಶಗಳನ್ನು ಕಂಡು ಇವರು ಚಿಕಿತ್ಸೆ ನಿರಾಕರಿಸಿದರೆ ನಷ್ಟವೇ ಹೆಚ್ಚು.

ಎಚ್ಚರಿಕೆಯ ಚಿಹ್ನೆಗಳು

ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಹಠಾತ್ ಉಸಿರಾಟದ ತೊಂದರೆ, ಎದೆನೋವು, ಮಾತು ತೊದಲುವುದು, ಕೈಕಾಲಿನ ಶಕ್ತಿ ಉಡುಗುವುದು - ಇವುಗಳಲ್ಲಿ ಯಾವುದೇ ಕಂಡುಬಂದರೂ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಸ್ತನದಲ್ಲಿ ಗಂಟು ಕೈಗೆ ತಾಕಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2003ರಲ್ಲಿ ಈ ಔಷಧಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಮುದ್ರಿಸಲು ಆದೇಶಿಸಿತ್ತು. ಹೃದ್ರೋಗ, ಸ್ತನ ಕ್ಯಾನ್ಸರ್ ಮತ್ತು ಮರೆಗುಳಿ ರೋಗಕ್ಕೆ ಸಂಬಂಧಿಸಿದ ಎಚ್ಚರಿಕೆಯನ್ನು ಆ ಚೌಕಟ್ಟಿನಿಂದ ತೆಗೆಯುವುದಾಗಿ 2025ರ ನವೆಂಬರ್‌ನಲ್ಲಿ ಅದೇ ಸಂಸ್ಥೆ ಪ್ರಕಟಿಸಿತು. ಹಾಗೆಂದು ಅಪಾಯ ಮಾಯವಾಯಿತೆಂದಲ್ಲ. ನೆರೆಮನೆಯವರಿಗೆ ಒಗ್ಗಿತೆಂದು ಔಷಧದಂಗಡಿಯಿಂದ ಕೊಂಡು ನುಂಗುವ ಮಾತ್ರೆಯೂ ಇದಲ್ಲ. ಚಿಕಿತ್ಸೆಗೆ ಮುನ್ನ ರಕ್ತದೊತ್ತಡ ಮತ್ತು ಸ್ತನ ತಪಾಸಣೆ, ಮನೆತನದಲ್ಲಿರುವ ಕಾಯಿಲೆಗಳ ವಿವರ, ಆ ಬಳಿಕ ವರ್ಷಕ್ಕೊಮ್ಮೆ ಮುಂದುವರಿಸಬೇಕೇ ಬೇಡವೇ ಎಂಬ ಮರುವಿಮರ್ಶೆ ಅತ್ಯಗತ್ಯ. ವಯಸ್ಸೆಷ್ಟು, ಮುಟ್ಟು ನಿಂತು ಎಷ್ಟು ವರ್ಷವಾಯಿತು, ಗರ್ಭಕೋಶವಿದೆಯೇ, ಯಾವ ರೂಪದ ಔಷಧ, ಎಷ್ಟು ಕಾಲ - ಈ ಐದು ಪ್ರಶ್ನೆಗಳನ್ನು ವೈದ್ಯರ ಮುಂದಿಟ್ಟು ಉತ್ತರ ಪಡೆದ ನಂತರವಷ್ಟೇ ಬೇಕು ಅಥವಾ ಬೇಡ ಎಂದು ತೀರ್ಮಾನಿಸುವುದು ಕ್ಷೇಮ.