ದೀಪ ಹಾಡಿದಾಗ

ನಾನು ಚರಿತ್ರೆ ಪಾಠ ಮಾಡುವವಳು. ಆಂದೋಲನ ಎಂದರೆ ನನಗೆ ನೆನಪಾಗುವುದು ಮೆರವಣಿಗೆ, ಬಾವುಟ, ಜೈಲು. ನಮ್ಮ ಜೂನಿಯರ್ ಕಾಲೇಜಿನ ಭೌತಶಾಸ್ತ್ರದ ಮೇಡಂ ಅದೇ ಪದವನ್ನು ಹಲಗೆಯ ಮೇಲೆ ಬರೆದು, ಕೆಪಾಸಿಟರಿಗೂ ತಂತಿಯ ಸುರುಳಿಗೂ ನಡುವೆ ವಿದ್ಯುತ್ತು ತೊಟ್ಟಿಲಿನಂತೆ ಆಚೀಚೆ ತೂಗುತ್ತದೆ ಎನ್ನುತ್ತಾರೆ. ಸೆಕೆಂಡಿಗೆ ಸಾವಿರಾರು ಸಲ ತೂಗುವುದನ್ನು ಮಕ್ಕಳಿಗೆ ತೋರಿಸುವುದಾದರೂ ಹೇಗೆ? ಕಣ್ಣಿಗೆ ಸಿಗದ ಅದನ್ನು ಕಿವಿಗೆ ಕೇಳಿಸಿದ ಕಥೆಯೊಂದಿದೆ. ಅದರಲ್ಲಿ ಅವರ ಆಂದೋಲನವೂ ಇದೆ, ನನ್ನದೂ ಇದೆ.

1890ರ ದಶಕದಲ್ಲಿ ಲಂಡನ್ನಿನ ಬೀದಿಗಳಲ್ಲಿ ಆರ್ಕ್ ದೀಪಗಳು ಉರಿಯುತ್ತಿದ್ದವು. ಎರಡು ಇಂಗಾಲದ ಕಡ್ಡಿಗಳ ನಡುವೆ ಕಣ್ಣು ಕುಕ್ಕುವ ಬೆಳಕು, ಜೊತೆಗೆ ಹಾವಿನಂತೆ ಬುಸುಗುಟ್ಟುವ ಸದ್ದು. ಗಾಳಿಯ ಆಮ್ಲಜನಕ ಕಡ್ಡಿಯ ಕಾದ ಕುಳಿಗೆ ತಗಲುವುದೇ ಆ ಸದ್ದಿಗೆ ಕಾರಣವೆಂದು ತೋರಿಸಿಕೊಟ್ಟವರು ಹರ್ತಾ ಏರ್ಟನ್, ಗಡಿಯಾರ ಮಾಡುವವರೊಬ್ಬರ ಮಗಳು. 1899ರಲ್ಲಿ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯಲ್ಲಿ ತಾವೇ ನಿಂತು ಪ್ರಬಂಧ ಓದಿದರು. ಅಲ್ಲಿ ಹೆಂಗಸೊಬ್ಬರು ಓದಿದ್ದು ಅದೇ ಮೊದಲು. ಆರ್ಕಿನಲ್ಲಿ ಕರೆಂಟು ಏರಿದಂತೆ ವೋಲ್ಟೇಜು ಇಳಿಯುವ ಲೆಕ್ಕವನ್ನೂ ಅವರು ತಾಳ್ಮೆಯಿಂದ ಅಳೆದು ಬರೆದಿಟ್ಟಿದ್ದರು.

ಅವರ ಪತಿ ಪ್ರೊಫೆಸರ್ ಏರ್ಟನ್ನರ ಬಳಿ ಕಲಿತ ವಿಲಿಯಂ ಡಡೆಲ್, 1900ರಲ್ಲಿ ಅದೇ ಸಂಸ್ಥೆಯಲ್ಲಿ ಇಂಥ ದೀಪಕ್ಕೆ ಒಂದು ಸುರುಳಿಯನ್ನೂ ಕೆಪಾಸಿಟರನ್ನೂ ಜೋಡಿಸಿದರು. ದೀಪ ಹಾಡಿತು! ಕೆಪಾಸಿಟರ್ ದೊಡ್ಡದಾದರೆ ಸ್ವರ ತಗ್ಗುತ್ತಿತ್ತು, ಚಿಕ್ಕದಾದರೆ ಏರುತ್ತಿತ್ತು. ಕೀಲಿಮಣೆ ಸೇರಿಸಿ ಹಾಡನ್ನೇ ನುಡಿಸಿದರು. ಸುಮ್ಮನೆ ಬಿಟ್ಟರೆ ತಂತಿಯ ರೋಧದಿಂದ ಈ ತೂಗಾಟ ಕ್ಷಣದಲ್ಲಿ ನಿಂತುಹೋಗಬೇಕು. ಕರೆಂಟು ಏರಿದಾಗ ವೋಲ್ಟೇಜು ಇಳಿಯುವ ಆ ಗುಣವೇ, ತಾಯಿ ತೊಟ್ಟಿಲ ಹಗ್ಗ ಎಳೆದಂತೆ, ಪ್ರತಿ ಸಲ ಅಷ್ಟಷ್ಟು ಬಲ ಕೊಡುತ್ತಿತ್ತು.

ರಾಯಲ್ ಸೊಸೈಟಿಯ ಮಾತು ಬೇರೆ. 1901ರಲ್ಲಿ ಆರ್ಕ್ ಬಗ್ಗೆ ಹರ್ತಾ ಬರೆದ ಪ್ರಬಂಧವನ್ನು ಅಲ್ಲಿ ಓದಿದ್ದು ಜಾನ್ ಪೆರ್ರಿ ಎಂಬ ಗಂಡಸು. ಮರುವರ್ಷ ಸದಸ್ಯತ್ವಕ್ಕೆ ಹೆಸರು ಸೂಚಿತವಾದಾಗ, ಮದುವೆಯಾದ ಹೆಂಗಸಿಗೆ ಅರ್ಹತೆಯಿಲ್ಲವೆಂದು ಕಾನೂನು ಪಂಡಿತರು ಹೇಳಿದರು. (ಗಂಡ ಅದಾಗಲೇ ಸದಸ್ಯರು, ಅವರ ಮದುವೆ ಅಡ್ಡ ಬರಲಿಲ್ಲ.) 1904ರಲ್ಲಿ ಕೊನೆಗೂ ಹರ್ತಾ ತಾವೇ ಅಲ್ಲಿ ಓದಿದರು. ವಿಷಯ, ಮರಳಿನ ಮೇಲೆ ಅಲೆ ಮೂಡಿಸುವ ಗೆರೆಗಳು. ಅದೂ ತೂಗಾಟವೇ, ನೀರಿನದು! 1906ರಲ್ಲಿ ಸೊಸೈಟಿ ಹ್ಯೂಸ್ ಪದಕ ಕೊಟ್ಟಿತು, ಸದಸ್ಯತ್ವ ಕೊಡಲಿಲ್ಲ.

1910ರ ನವೆಂಬರ್ 18ರಂದು ಮತದ ಹಕ್ಕು ಕೇಳಲು ಪಾರ್ಲಿಮೆಂಟಿಗೆ ಹೊರಟ ಹೆಂಗಸರ ಸಾಲಿನಲ್ಲಿ ಹರ್ತಾ ಇದ್ದರು. ಪೊಲೀಸರು ಅಂದು ಆ ಹೆಂಗಸರನ್ನು ಹಿಡಿದು ಎಳೆದಾಡಿದರು. ರಾಯಲ್ ಸೊಸೈಟಿ ಹೆಂಗಸರನ್ನು ಸದಸ್ಯರಾಗಿ ಆರಿಸಿದ್ದು 1945ರಲ್ಲಿ. ಹರ್ತಾ 1923ರಲ್ಲೇ ತೀರಿಕೊಂಡಿದ್ದರು.